ಮೊದಲು ಪಾಠ, ಗೈಡು ಆಮೇಲೆ: ಮೆಡಿಕಲ್ ಶಾಪಲ್ಲಿ ಕೂತು ಲ್ಯಾಟಿನ್ ಕಲಿತಿದ್ದು

(ಹೋದ ತಿಂಗಳು ಒಂದು ಭಾನುವಾರ ಚಿಕ್ಕಬಳ್ಳಾಪುರದಲ್ಲಿ ಪರಿಚಯದವರು ಒಂದಿಷ್ಟು ಜನ ಸೇರಿ ಒಂದು ಮಾತುಕತೆ ಇಟ್ಕೊಂಡಿದ್ರು. ಅಲ್ಲಿ ನಾನು ಮಾತಾಡಿದ್ದನ್ನ ಬರ್ದು ಕೊಡಿ ಅಂತ ಒಬ್ಬಿಬ್ಬರು ಕೇಳಿದ್ರು. ಮಾತಾಡಿದ್ದನ್ನ ಮಾತಾಡಿದಂಗೇ ಬರ್ದಿದೀನಿ, ಮರೆತು ಬಿಟ್ಟಿದ್ದ ಒಂದೆರಡು ವಿಷಯ ಸೇರಿಸಿದೀನಿ, ಮೈಕ್ ಕೈಕೊಟ್ಟ ಹತ್ತು ನಿಮಿಷ ತೆಗೆದಿದೀನಿ.)

ಎಲ್ಲರಿಗೂ ನಮಸ್ಕಾರ. ನಂದು ಶಿಡ್ಲಘಟ್ಟದಲ್ಲಿ ಒಂದು ಮೆಡಿಕಲ್ ಶಾಪು. ನಾನು ಮೇಷ್ಟ್ರಲ್ಲ, ಚರ್ಚಿನ ಕಡೆಯವನೂ ಅಲ್ಲ, ಡಿ ಫಾರ್ಮಾ ಮಾಡಿ ಅಂಗಡಿ ಇಟ್ಕೊಂಡವನು. ಇವನಿಗ್ಯಾಕೆ ಲ್ಯಾಟಿನ್, ಆ ಹಳೇ ರೋಮಿನವರ ಭಾಷೆ, ಅಂತ ನಿಮಗೆ ಅನ್ಸಿರುತ್ತೆ, ನಮ್ಮನೆಯವರಿಗೆ ಇವತ್ತಿಗೂ ಹಂಗೇ ಅನ್ಸುತ್ತೆ. ಅದು ಶುರುವಾಗಿದ್ದು ಹೆಂಗೆ ಅಂತ ಮೊದಲು ಹೇಳ್ಬಿಡ್ತೀನಿ.

ಒಂದಿನ ಸಾಯಂಕಾಲ ಒಬ್ಬ ಹುಡುಗ ಅವರಜ್ಜಿದು ಚೀಟಿ ತಗೊಂಡು ಬಂದ, ಏಳನೇ ಕ್ಲಾಸೋ ಎಂಟನೇ ಕ್ಲಾಸೋ ಇರ್ಬೇಕು. ಚೀಟೀಲಿ ನೋವಿನ ಮಾತ್ರೆ ಮುಂದೆ ಡಾಕ್ಟ್ರು ಎಸ್‌ಒಎಸ್ ಅಂತ ಬರ್ದಿದ್ರು. "ಅಣ್ಣಾ, ಇದೇನು ಎಸ್‌ಒಎಸ್ ಅಂದ್ರೆ?" ಅಂದ. ನಾನು ಮಾತ್ರೆ ಕತ್ತರಿಸ್ತಾ, ಹಡಗು ಮುಳುಗೋವಾಗ ಕಾಪಾಡಿ ಅಂತ ಕಳಿಸ್ತಾರಲ್ಲ, ಅದು ಕಣೋ, ಎಮರ್ಜೆನ್ಸಿ ಅಂತ, ಅಂದ್ಬಿಟ್ಟೆ. ಅವನು ಹಂಗೇ ನಿಂತ್ಕೊಂಡು, "ಮಂಡಿ ನೋವಿಗೆ ಹಡಗು ಯಾಕಣ್ಣಾ?" ಅಂದ.

ಅಂಗಡಿ ಬಾಗಿಲು ಹಾಕೋವರ್ಗೂ ಅದೇ ಕೊರೀತಾ ಇತ್ತು. ಯಾಕಂದ್ರೆ ನಾನು ಡಿ ಫಾರ್ಮಾದಲ್ಲಿ ಇದನ್ನ ಓದಿದ್ದೆ ಸ್ವಾಮಿ, ಚೀಟಿ ಮೇಲೆ ಡಾಕ್ಟ್ರು ಬರೆಯೋ ಲ್ಯಾಟಿನ್ ಪದಗಳು ಅಂತ ಒಂದು ಪಟ್ಟಿ, ಉರು ಹೊಡೆದು ಮಾರ್ಕ್ಸ್ ತಗೊಂಡಿದ್ದೆ. ದಿನಕ್ಕೆ ಎರಡು ಸಲ ಅನ್ನೋಕೆ ಬಿ.ಡಿ., ಊಟ ಆದ್ಮೇಲೆ ಅನ್ನೋಕೆ ಪಿಸಿ, ಮಲಗೋವಾಗ ಅನ್ನೋಕೆ ಎಚ್ಎಸ್. ಎಸ್‌ಒಎಸ್ ಅಂದ್ರೆ 'ಸೀ ಒಪುಸ್ ಸಿತ್', ಬೇಕಾದ್ರೆ ಮಾತ್ರ ಅಂತ. ಹಡಗಿಗೂ ಅದಕ್ಕೂ ಸಂಬಂಧ ಇಲ್ಲ. ದಿನಕ್ಕೆ ನೂರಾರು ಚೀಟಿ ನೋಡೋನು, ಒಂದು ಭಾಷೆಯ ಚೂರುಗಳನ್ನ ಇಷ್ಟು ವರ್ಷ ಕಣ್ಣ ಮುಂದೆ ಇಟ್ಕೊಂಡು ಒಂದ್ಸಲನೂ ಇದು ಭಾಷೆ ಅಂತ ನೋಡಿರ್ಲಿಲ್ಲ. ಶಾರ್ಟ್‌ಕಟ್ ಗುರುತು ಅಂತಲೇ ನೋಡಿದ್ದೆ, ತರಕಾರಿ ಮಂಡಿಯವರು ಮೂಟೆ ಮೇಲೆ ಹಾಕ್ತಾರಲ್ಲ ಗುರುತು, ಹಂಗೆ.

ಸರಿ, ಕಲಿಯೋಣ ಅಂತ ಹೊರಟೆ. ಲ್ಯಾಟಿನ್ ಕಲಿಸೋರು ಶಿಡ್ಲಘಟ್ಟದಲ್ಲಿ ಎಲ್ಲಿಂದ ಬರ್ತಾರೆ. ಹುಡುಕ್ತಾ ಹುಡುಕ್ತಾ ಎಲ್ಲರೂ ಒಂದೇ ಪುಸ್ತಕದ ಹೆಸರು ಹೇಳ್ತಿದ್ರು. ಡೆನ್ಮಾರ್ಕಿನ ಹಾನ್ಸ್ ಹೆನಿಂಗ್ ಓರ್ಬೆರ್ಗ್ ಅನ್ನೋರು ಬರ್ದಿದ್ದು, ಮೊದಲು ಬಂದಿದ್ದು 1955ರಲ್ಲಿ, ಈಗ ಅದರ ಹೆಸರು 'ಲಿಂಗ್ವ ಲತೀನ ಪೆರ್ ಸೇ ಇಲ್ಲೂಸ್ತ್ರಾತ', ಅಂದ್ರೆ ತನ್ನನ್ನ ತಾನೇ ವಿವರಿಸ್ಕೊಳ್ಳೋ ಲ್ಯಾಟಿನ್ ಭಾಷೆ ಅಂತ ಇಟ್ಕೊಳ್ಳಿ. ಮೊದಲನೇ ಭಾಗ 'ಫಮಿಲಿಯ ರೋಮಾನ', 35 ಅಧ್ಯಾಯ. ಮೊದಲನೇ ಪುಟದಿಂದ ಕೊನೇ ಪುಟದವರ್ಗೂ ಬರೀ ಲ್ಯಾಟಿನ್. ಒಂದು ಪದ ಇಂಗ್ಲಿಷ್ ಇಲ್ಲ. ಪಾರ್ಸೆಲ್ ಬಿಚ್ಚಿದಾಗ ನಂಗೆ ನಿಜವಾಗ್ಲೂ ಮೋಸ ಹೋದೆ ಅನ್ಸಿತ್ತು, ದುಡ್ಡು ಕೊಟ್ಟು ತಗೊಂಡಿದೀನಿ, ಅರ್ಥಾನೇ ಕೊಟ್ಟಿಲ್ವಲ್ಲ ಇದರಲ್ಲಿ ಅಂತ.

ಮೊದಲನೇ ವಾಕ್ಯ ಕೇಳಿ. ರೋಮ ಇನ್ ಇತಲಿಯಾ ಎಸ್ತ್. ಪಕ್ಕದಲ್ಲಿ ಮ್ಯಾಪು ಇದೆ. ಈಗ ಇಲ್ಲಿ ಕೂತಿರೋರಲ್ಲಿ ಯಾರಿಗೆ ಇದರ ಅರ್ಥ ಗೊತ್ತಾಗ್ಲಿಲ್ಲ ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನೋಡಿದ್ರಾ, ಇಷ್ಟೇ. ಮುಂದಿನ ವಾಕ್ಯ, ಇತಲಿಯ ಇನ್ ಎಉರೋಪಾ ಎಸ್ತ್. ಇಟಲಿ ಯುರೋಪಿನಲ್ಲಿದೆ. ಎರಡು ವಾಕ್ಯನೂ ಒಂದ್ಸಲ ಕಿವಿಗೊಟ್ಟು ಕೇಳಿ. ಮೊದಲನೇದರಲ್ಲಿ 'ಇತಲಿಯಾ' ಅಂತ ದೀರ್ಘ, ಎರಡನೇದರಲ್ಲಿ 'ಇತಲಿಯ' ಅಂತ ಹ್ರಸ್ವ. ದೀರ್ಘ ಬಂದಾಗ 'ಇಟಲಿಯಲ್ಲಿ', ಹ್ರಸ್ವ ಬಂದಾಗ ಬರೀ 'ಇಟಲಿ'. ಪುಸ್ತಕದಲ್ಲಿ ದೀರ್ಘ ಇರೋ ಅಕ್ಷರದ ಮೇಲೆ ಒಂದು ಅಡ್ಡಗೆರೆ ಎಳೆದಿರ್ತಾರೆ. ಇಂಗ್ಲಿಷ್ ಮಾತಾಡೋರಿಗೆ ಆ ಗೆರೆ ದೊಡ್ಡ ತಲೆನೋವು, ಅವರಿಗೆ ಕಿವಿಗೇ ಬೀಳಲ್ಲ. ನಮಗೆ? ನಮಗೆ ಅದು ಕಾಗುಣಿತ ಅಷ್ಟೇ, ಒಂದನೇ ಕ್ಲಾಸಲ್ಲಿ ಕೈ ಮೇಲೆ ಏಟು ತಿಂದು ಕಲ್ತಿರೋದು. ಲ್ಯಾಟಿನ್‌ನಲ್ಲಿ ಮಲುಂ ಅಂದ್ರೆ ಕೆಟ್ಟದ್ದು, ಮಾಲುಂ ಅಂದ್ರೆ ಸೇಬು. ನಮ್ಮೂರಲ್ಲಿ ಮಾಲೂಮ್ ಅಂದ್ರೆ ಗೊತ್ತು ಅಂತ, ಅದು ಬೇರೆ ವಿಷಯ ಬಿಡಿ. ಒತ್ತಕ್ಷರನೂ ಅಷ್ಟೇ, 'ಅನ್ನುಸ್' ಅಂದ್ರೆ ವರ್ಷ, ಆ ಎರಡು ನಕಾರನ ಎರಡಾಗೇ ಹೇಳ್ಬೇಕು. 'ಅನ್ನ' ಅಂತ ದಿನಾ ಹೇಳೋ ಬಾಯಿಗೆ ಇದೇನು ಕಷ್ಟ.

ಇಮ್ಮರ್ಶನ್ ಅಂತಾರೆ ಈ ಪದ್ಧತಿಗೆ. ಭಾಷೇನ ಆ ಭಾಷೆಯಲ್ಲೇ ಕಲಿಯೋದು, ಅದರೊಳಗೇ ಮುಳುಗಿ. ನಮ್ಮ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋ ಅಗತ್ಯಾನೇ ಇಲ್ಲ. ನಮ್ಮ ಮನೇಲಿ ರೇಷ್ಮೆ ಚರಕ ಇತ್ತು, ಬಿಚ್ಚಾಣಿಕೆ, ಅಂದ್ರೆ ಗೂಡಿಂದ ನೂಲು ತೆಗೆಯೋ ಕೆಲಸಕ್ಕೆ ಬರ್ತಿದ್ದವರಲ್ಲಿ ಅರ್ಧ ಜನ ಉರ್ದು, ಅರ್ಧ ಜನ ತೆಲುಗು. ನಾನು ಐದಾರು ವರ್ಷದೋನು ಬೇಸಿನ್ ಹತ್ರ ಆಡ್ಕೊಂಡಿರ್ತಿದ್ದೆ, ಅದರಲ್ಲಿ ಗೂಡು ಕುದೀತಿರುತ್ತೆ. ಒಂದಿನ ಕೆಲಸದ ಚಾಚಾ "ಗರಂ ಹೈ, ಗರಂ ಹೈ" ಅಂತ ಕೂಗಿದ್ರು, ಅಷ್ಟೊತ್ತಿಗೆ ನಾನು ಬೆರಳು ಅದ್ದಿ ಆಗಿತ್ತು. ಗರಂ ಅಂದ್ರೆ ಬಿಸಿ ಅಂತ ನಂಗೆ ಯಾರೂ ಅರ್ಥ ಹೇಳ್ಲಿಲ್ಲ, ಡಿಕ್ಷನರೀಲೂ ನೋಡ್ಲಿಲ್ಲ. ಗೂಡು ಮಾರ್ಕೆಟ್‌ಗೆ ಹೋಗಿ ನೋಡಿ ಬೇಕಾದ್ರೆ, ಲಾಟ್ ಮುಂದೆ ನಿಂತಿರೋ ರೀಲರ್ ಒಂದೇ ಉಸಿರಲ್ಲಿ ರೈತನ ಹತ್ರ ತೆಲುಗು, ಪಕ್ಕದವನ ಹತ್ರ ಉರ್ದು, ಆಫೀಸಲ್ಲಿ ಕನ್ನಡ. ಇವರು ಯಾರೂ ವ್ಯಾಕರಣ ಓದಿದವರಲ್ಲ.

ಅದನ್ನೇ ಲ್ಯಾಟಿನ್‌ಗೆ ಮಾಡಿದವರೂ ಇದ್ರು. ಫ್ರಾನ್ಸಿನ ಮೊಂತೇನ್ ಅನ್ನೋ ಲೇಖಕ, 1533ರಲ್ಲಿ ಹುಟ್ಟಿದವನು, ಅವನ ಅಪ್ಪನಿಗೆ ಒಂದು ಹುಚ್ಚು, ಮಗನಿಗೆ ಲ್ಯಾಟಿನ್ ತಾಯ್ನುಡಿ ಥರ ಬರ್ಬೇಕು ಅಂತ. ಒಂದು ಅಕ್ಷರ ಫ್ರೆಂಚ್ ಬರದೇ ಇರೋ ಒಬ್ಬ ಜರ್ಮನ್ ಮೇಷ್ಟ್ರನ್ನ ತಂದು ಇಟ್ಟ. ಮನೇಲಿ ಕಟ್ಟಪ್ಪಣೆ: ಅಪ್ಪ, ಅಮ್ಮ, ಆಳು, ಕೆಲಸದ ಹೆಂಗಸು, ಯಾರೇ ಆಗ್ಲಿ ಮಗು ಮುಂದೆ ತಮಗೆ ಗೊತ್ತಿರೋ ಅಷ್ಟು ಲ್ಯಾಟಿನ್‌ನಲ್ಲೇ ಮಾತಾಡ್ಬೇಕು. ಹುಡುಗನಿಗೆ ಆರು ವರ್ಷ ಆಗೋವರ್ಗೂ ಫ್ರೆಂಚ್ ಗೊತ್ತಿರ್ಲಿಲ್ಲ. ಇದರಲ್ಲಿ ನಂಗೆ ಇಷ್ಟ ಆಗೋದು ಹುಡುಗನ ಕಥೆ ಅಲ್ಲ, ಸುತ್ತಮುತ್ತಲ ಹಳ್ಳಿ ಜನದ ಕಥೆ. ಆ ಮನೆಯಿಂದ ಲ್ಯಾಟಿನ್ ಸೋರಿ ಸೋರಿ ಅಕ್ಕಪಕ್ಕದ ಹಳ್ಳಿಗಳಲ್ಲಿ ಕೆಲವು ಕಸುಬುದಾರರ ಹೆಸರು, ಹತಾರಗಳ ಹೆಸರು ಲ್ಯಾಟಿನ್‌ನಲ್ಲೇ ಉಳ್ಕೊಂಡ್ಬಿಡ್ತಂತೆ, ಅವನೇ ಬರ್ಕೊಂಡಿದಾನೆ. ಅಡುಗೆ ಮನೆಯ ಹೆಂಗಸು ಸೌಟಿಗೆ ಲ್ಯಾಟಿನ್‌ನಲ್ಲಿ ಏನೋ ಅಂದು ಮನೆಗೆ ಹೋಗಿ ಅಲ್ಲೂ ಹಂಗೇ ಅಂದಿರ್ಬೇಕು.

ಇನ್ನೊಬ್ರು ರೌಸ್ ಅಂತ, ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ, 1863ರಲ್ಲಿ. ಕೇಂಬ್ರಿಜ್‌ನ ಪರ್ಸ್ ಸ್ಕೂಲಲ್ಲಿ 1902ರಿಂದ 1928ರವರ್ಗೂ ಹೆಡ್‌ಮಾಸ್ಟರ್. ಲ್ಯಾಟಿನ್ ಕ್ಲಾಸಲ್ಲಿ ಇಂಗ್ಲಿಷ್ ಬೇಡ, ಏಳು ಅಂದ್ರೆ ಎದ್ದೇಳು, ಬಾಗಿಲು ತೆಗಿ ಅಂದ್ರೆ ತೆಗಿ, ಎಲ್ಲ ಲ್ಯಾಟಿನ್‌ನಲ್ಲೇ. ಈ ಮನುಷ್ಯ ಸಂಸ್ಕೃತನೂ ಪಾಠ ಮಾಡ್ತಿದ್ದ. ನಮ್ಮಲ್ಲಿ ಹತ್ತು ದಿನದ ಸಂಸ್ಕೃತ ಸಂಭಾಷಣಾ ಶಿಬಿರಕ್ಕೆ ಹೋಗಿರೋರು ಇಲ್ಲಿ ಒಂದಷ್ಟು ಜನ ಇರ್ತೀರಿ, ಅಲ್ಲಿ ಲೋಟ ಎತ್ತಿ ತೋರಿಸಿ 'ಏತತ್ ಕಿಮ್' ಅಂತ ಕೇಳ್ತಾರಲ್ಲ, ಅದೇ ದಾರಿ.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ, ಇವತ್ತು ಹೇಳೋಕೆ ಬಂದಿರೋದೇ ಅದು.

ಗೈಡು ಅಂದ ತಕ್ಷಣ ನಮಗೆಲ್ಲ ಏನು ನೆನಪಾಗುತ್ತೆ? ಎಸ್‌ಎಸ್‌ಎಲ್‌ಸಿ ಗೈಡು. ಟೆಕ್ಸ್ಟ್ ಬುಕ್ ಬೈಂಡ್ ಹಾಕಿ ಬ್ಯಾಗಲ್ಲಿ ಇಟ್ಟು, ಓದೋದೆಲ್ಲ ಗೈಡಲ್ಲಿ. ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠ ಮಾಡೋವಾಗ ನಾವೆಲ್ಲ ಏನು ಮಾಡ್ತಿದ್ವಿ, ಮೇಷ್ಟ್ರು ಓದ್ತಾ ಹೋದಂಗೆ ಪ್ರತಿ ಪದದ ನೆತ್ತಿ ಮೇಲೆ ಪೆನ್ಸಿಲಲ್ಲಿ ಕನ್ನಡ ಅರ್ಥ ಬರ್ಕೊಳ್ತಿದ್ವಿ. ವರ್ಷದ ಕೊನೆಗೆ ಪುಸ್ತಕದಲ್ಲಿ ಇಂಗ್ಲಿಷೇ ಕಾಣ್ತಿರ್ಲಿಲ್ಲ. ಅದೇ ಚಾಳಿ ಇಲ್ಲೂ ಮಾಡಿದೆ. ಲ್ಯಾಟಿನ್ ಪುಸ್ತಕಕ್ಕೆ ಇಂಗ್ಲಿಷ್‌ನಲ್ಲಿ ಗೈಡುಗಳಿವೆ, ಓರ್ಬೆರ್ಗ್ ಅವರೇ ಮಾಡಿರೋ ತೆಳ್ಳಗಿನದೊಂದಿದೆ, 'ಲತೀನೇ ದಿಸ್ಕೋ' ಅಂತ, ಹೆಸರಿನ ಅರ್ಥ ಲ್ಯಾಟಿನ್ ಕಲೀತೀನಿ ಅಂತ, ಡಿಸ್ಕೋ ಡ್ಯಾನ್ಸ್ ಅಲ್ಲ. ಅಮೆರಿಕದ ಜೀನ್ ನ್ಯೂಮನ್ ಅನ್ನೋ ಮೇಡಂ ಬರ್ದಿರೋ ದಪ್ಪದ್ದು ಇನ್ನೊಂದಿದೆ. ನಾನು ಎರಡನ್ನೂ ಮೊದಲು ತೆಗೆದು, ಅಧ್ಯಾಯದಲ್ಲಿ ಬರೋ ವ್ಯಾಕರಣ ಎಲ್ಲ ಮೊದಲೇ ಓದಿ, ಪದಗಳ ಅರ್ಥ ಮೊದಲೇ ನೋಡಿ, ಆಮೇಲೆ ಪಾಠಕ್ಕೆ ಬಂದು ಪದದ ಮೇಲೆ ಕನ್ನಡ ಬರ್ಕೊಂಡು ಓದ್ತಿದ್ದೆ. ಒಂಬತ್ತು ಅಧ್ಯಾಯ ಹಂಗೇ ಮುಗಿಸಿದೆ. ಜುಂ ಅಂತ ಹೋಗ್ತಿದೆ ಅನ್ಕೊಂಡೆ.

ಒಂದಿನ ಮಧ್ಯಾಹ್ನ, ಎರಡರಿಂದ ನಾಲ್ಕು ಗಂಟೆವರ್ಗೂ ಅಂಗಡೀಲಿ ಗಿರಾಕಿ ಕಮ್ಮಿ, ಮೂರನೇ ಅಧ್ಯಾಯ ಸುಮ್ನೆ ಮತ್ತೆ ತೆಗೆದೆ. ಆ ಅಧ್ಯಾಯದ ಕಥೆ ನಮ್ಮ ಮನೆಗಳದ್ದೇ. ಯೂಲಿಯ ಅನ್ನೋ ಪುಟ್ಟ ಹುಡುಗಿ ಹಾಡ್ತಾ ಇರ್ತಾಳೆ, ಅಣ್ಣ ಮಾರ್ಕುಸ್‌ಗೆ ಅದು ಆಗಲ್ಲ, ಹೊಡೀತಾನೆ, ಅವಳು ಅಳ್ತಾಳೆ, ಇನ್ನೊಬ್ಬ ಅಣ್ಣ ಕ್ವಿಂತುಸ್ ಅದನ್ನ ನೋಡಿ ಮಾರ್ಕುಸ್‌ಗೆ ಹೊಡೀತಾನೆ, ಅಮ್ಮ ಬರ್ತಾಳೆ. ಓದ್ತಾ ಓದ್ತಾ ಗೊತ್ತಾಯ್ತು, ನಾನು ಓದ್ತಿರೋದು ಲ್ಯಾಟಿನ್ ಅಲ್ಲ. ನನ್ನ ಕಣ್ಣು ಲ್ಯಾಟಿನ್ ಸಾಲಿನ ಮೇಲೆ ನಿಲ್ತಾನೇ ಇಲ್ಲ, ಅದರ ಮೇಲಿನ ಪೆನ್ಸಿಲ್ ಸಾಲಲ್ಲಿ ಓಡ್ತಾ ಇದೆ. ಪೆನ್ಸಿಲ್ ಸಾಲನ್ನ ಬೆರಳಿಂದ ಮುಚ್ಕೊಂಡು ನೋಡಿದೆ. ಹೊಡೀತಾನೆ ಅನ್ನೋಕೆ 'ಪುಲ್ಸತ್' ಅಂತ ಆ ಪುಟದಲ್ಲೇ ಎಷ್ಟೋ ಸಲ ಬಂದಿದೆ, ಆದ್ರೂ ಅದು ಏನು ಅಂತ ಹೊಳೀಲಿಲ್ಲ. ಒಂಬತ್ತು ಅಧ್ಯಾಯ ಮುಗಿಸಿದೋನಿಗೆ ಮೂರನೇ ಅಧ್ಯಾಯದ ಪದ ಗೊತ್ತಿಲ್ಲ.

ಎದುರಿನ ಬುಕ್ ಸ್ಟಾಲಿಂದ ಎರಡು ರಬ್ಬರ್ ತರಿಸ್ದೆ. ಅಂಗಡಿ ಮುಚ್ಚೋವರ್ಗೂ ಕೂತು ಒಂಬತ್ತು ಅಧ್ಯಾಯದ ಕನ್ನಡ ಅಷ್ಟನ್ನೂ ಅಳಿಸ್ದೆ. ಕೌಂಟರ್ ಮೇಲೆಲ್ಲ ರಬ್ಬರ್ ಪುಡಿ. ಬಿಪಿ ಮಾತ್ರೆಗೆ ಬಂದಿದ್ದ ರಿಟೈರ್ಡ್ ಮೇಷ್ಟ್ರೊಬ್ರು ನೋಡಿ, "ಏನಪ್ಪಾ, ಈ ವಯಸ್ಸಲ್ಲಿ ಡ್ರಾಯಿಂಗಾ?" ಅಂದ್ರು.

ಅಲ್ಲಿಂದ ಕ್ರಮ ಉಲ್ಟಾ ಮಾಡಿದೆ. ಮೊದಲು ಪಾಠ. ಬಾಯಿಬಿಟ್ಟು ಓದೋದು, ಗೊತ್ತಾಗದ ಪದ ಬಂದ್ರೆ ನಿಲ್ಲೋದಿಲ್ಲ, ಪುಟದ ಅಂಚು ನೋಡೋದು. ಅಂಚಲ್ಲಿ ಚಿಕ್ಕ ಚಿತ್ರ ಇರುತ್ತೆ, ಇಲ್ಲ ಅಂದ್ರೆ ಗೊತ್ತಿರೋ ಲ್ಯಾಟಿನ್ ಪದದಲ್ಲೇ ಅರ್ಥ ಇರುತ್ತೆ, ಸಮ ಅನ್ನೋ ಗುರುತು ಹಾಕಿದ್ರೆ ಅದೇ ಅರ್ಥ, ಎರಡು ಕಡೆ ಬಾಣ ಹಾಕಿದ್ರೆ ವಿರುದ್ಧ ಪದ. ಆದ್ರೂ ಗೊತ್ತಾಗ್ಲಿಲ್ವಾ, ಮುಂದಕ್ಕೆ ಹೋಗಿ, ಅದೇ ಪದ ಅದೇ ಪುಟದಲ್ಲಿ ಇನ್ನೂ ಮೂರು ವೇಷ ಹಾಕ್ಕೊಂಡು ಬರುತ್ತೆ, ಹಂಗೇ ಬರ್ದಿದಾರೆ ಆ ಮಹಾನುಭಾವರು. ಅಧ್ಯಾಯ ಮುಗಿದ ಮೇಲೆ ಮಾರನೇ ದಿನ ಮತ್ತೆ ಅದೇ ಅಧ್ಯಾಯ. ಮೂರನೇ ದಿನ ಮತ್ತೆ. ಮೂರನೇ ಸಲ ಓದೋವಾಗ ಎಲ್ಲಿ ಇನ್ನೂ ಮುಳ್ಳು ಚುಚ್ತಾ ಇದೆ, ಅಲ್ಲಿಗೆ ಮಾತ್ರ ಗೈಡು ತೆಗೀರಿ. ಅವಾಗ ಗೈಡಲ್ಲಿರೋ ಎರಡು ಸಾಲು ಎಷ್ಟು ಚೆನ್ನಾಗಿ ಒಳಗೆ ಇಳಿಯುತ್ತೆ ಅಂದ್ರೆ, ಹಸಿವಾದಾಗ ಮುದ್ದೆ ಇಳಿದಂಗೆ. ಪ್ರಶ್ನೆ ನಿಮ್ಮದಾಗಿರುತ್ತಲ್ಲ. ಮೊದಲೇ ಓದಿದ್ರೆ ಅದು ಇನ್ನೊಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ.

ಆಮೇಲೆ ಪ್ರತಿ ಅಧ್ಯಾಯದ ಕೊನೇಲಿ 'ಪೆನ್ಸುಂ' ಅಂತ ಮೂರು ಅಭ್ಯಾಸ ಇರುತ್ತೆ. ಮೊದಲನೇದು ಪದದ ಬಾಲ ತುಂಬಿಸೋದು, ಎರಡನೇದು ಪದ ತುಂಬಿಸೋದು, ಮೂರನೇದು ಪ್ರಶ್ನೆಗೆ ಉತ್ತರ. ಮೂರನ್ನೂ ಪೆನ್ನಲ್ಲಿ ನೋಟ್‌ಬುಕ್ಕಿಗೆ ಬರೀರಿ, ಮನಸ್ಸಲ್ಲೇ ಮಾಡಿದ್ರೆ ಎಲ್ಲ ಸರಿಯಾಗೇ ಇರುತ್ತೆ, ಬರೆದಾಗಲೇ ಬಣ್ಣ ಬಯಲಾಗೋದು. 'ಕೊಲ್ಲೊಕ್ವಿಯ ಪೆರ್ಸೋನಾರುಂ' ಅಂತ ಒಂದು ಚಿಕ್ಕ ಪುಸ್ತಕ ಇದೆ, ಅದೇ ಪಾತ್ರಗಳು ಮಾತಾಡ್ಕೊಳ್ಳೋದು, ಅಧ್ಯಾಯಕ್ಕೆ ಸರಿಯಾಗಿ ಕಲಿತಿರೋ ಪದಗಳಲ್ಲೇ ನಡೆಯುತ್ತೆ. ನನ್ನ ಕೇಳಿದ್ರೆ ದಪ್ಪ ಗೈಡಿಗಿಂತ ಇದೇ ಮೊದಲು ತಗೊಳ್ಳಿ. ಗೊತ್ತಿರೋ ಪದಗಳಲ್ಲಿ ಗೊತ್ತಿಲ್ಲದ ಕಥೆ ಓದೋದು ಇದೆಯಲ್ಲ, ಅದಕ್ಕಿಂತ ದೊಡ್ಡ ಅಭ್ಯಾಸ ಇಲ್ಲ. ಓರ್ಬೆರ್ಗ್ ಅವರೇ ಓದಿರೋ ಆಡಿಯೋ ಇದೆ, ಬೆಳಿಗ್ಗೆ ವಾಕಿಂಗ್ ಹೋಗ್ತಾ ಕಿವಿಗೆ ಹಾಕ್ಕೊಳ್ತೀನಿ. ಕೆರೆ ಏರಿ ಮೇಲೆ ಒಬ್ಬನೇ ಲ್ಯಾಟಿನ್ ಮಾತಾಡ್ತಾ ಹೋಗೋನನ್ನ ಜನ ಫೋನಲ್ಲಿದಾನೆ ಅನ್ಕೊಳ್ತಾರೆ, ಆ ಮಟ್ಟಿಗೆ ಇಯರ್‌ಫೋನ್ ಬಂದಿದ್ದು ನಂಗೆ ಅನುಕೂಲ ಆಗಿದೆ.

ಈಗ ಒಂದು ತಕರಾರು ಹೇಳ್ತೀನಿ. ಈ ಗೈಡುಗಳೆಲ್ಲ ಇಂಗ್ಲಿಷ್ ಮಾತಾಡೋರಿಗೆ ಅಂತ ಬರ್ದಿರೋದು. ಅವರಿಗೆ ಏನು ಕಷ್ಟವೋ ಅದನ್ನ ಪುಟಗಟ್ಟಲೆ ವಿವರಿಸ್ತಾರೆ. ವಿಭಕ್ತಿ ಅಂದ್ರೇನು ಅಂತ ಅವರಿಗೆ ತಿಳಿಸೋಕೇ ಒಂದು ಪೀಠಿಕೆ ಬೇಕು, 'ಮಾರ್ಕುಸ್' ಅಂದ್ರೆ ಹೊಡೆಯೋನು, 'ಮಾರ್ಕುಂ' ಅಂದ್ರೆ ಏಟು ತಿನ್ನೋನು ಅಂತ. ನಮಗೆ ಮಾರ್ಕುಸು, ಮಾರ್ಕುಸನ್ನು, ಮುಗೀತಲ್ಲ. ಕ್ರಿಯಾಪದ ವಾಕ್ಯದ ಕೊನೇಲಿ ಬರುತ್ತೆ ಅಂತ ಎಚ್ಚರಿಕೆ ಕೊಡ್ತಾರೆ. ನಮ್ಮದು ಇನ್ನೆಲ್ಲಿ ಬರುತ್ತೆ ಸ್ವಾಮಿ? ಪ್ರಶ್ನೆ ಮಾಡ್ಬೇಕಾದ್ರೆ ಲ್ಯಾಟಿನ್‌ನಲ್ಲಿ ಪದದ ಹಿಂದೆ 'ನೆ' ಅಂಟಿಸ್ತಾರೆ, ಎಸ್ತ್ ಅಂದ್ರೆ ಇದೆ, ಎಸ್ತ್‌ನೆ ಅಂದ್ರೆ ಇದೆಯಾ. ನಮ್ಮ 'ಆ' ಮಾಡೋ ಕೆಲಸನೇ ಅದು. ಪತೆರ್ ಮಾತೆರ್‌ಕ್ವೆ ಅಂದ್ರೆ ಅಪ್ಪ, ಅಮ್ಮನೂ. ಆ 'ಕ್ವೆ' ನಮ್ಮ 'ಊ'. ಮಿಹಿ ಫೀಲಿಯ ಎಸ್ತ್, ನಂಗೆ ಮಗಳಿದಾಳೆ. ಮಿಹಿ ಪ್ಲಕೆತ್, ನಂಗೆ ಇಷ್ಟ ಆಗುತ್ತೆ. ನಂಗೆ ಅನ್ನೋದು ಎರಡೂ ಕಡೆ ಹೆಂಗೆ ಕೂತಿದೆ ನೋಡಿ. ಇಂಗ್ಲಿಷ್‌ನೋರು 'ನಾನು ಮಗಳನ್ನ ಹೊಂದಿದೀನಿ' ಅಂತ ಸುತ್ತಿ ಬರ್ಬೇಕು. ನಾವು ಕನ್ನಡ ಬಿಟ್ಟು ಇಂಗ್ಲಿಷ್ ಗೈಡು ಹಿಡ್ಕೊಂಡು ಲ್ಯಾಟಿನ್‌ಗೆ ಹೋಗೋದು ಅಂದ್ರೆ, ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಬೆಂಗಳೂರು ಮೇಲೆ ಹೋದಂಗೆ.

ಹಂಗಂತ ಎಲ್ಲ ಸಲೀಸು ಅಂತ ತಿಳ್ಕೋಬೇಡಿ. ನಮಗೆ ಎಲ್ಲಿ ಎಡವುತ್ತೆ ಅಂತ ಆ ಗೈಡುಗಳಿಗೆ ಗೊತ್ತಿಲ್ಲ, ಅಲ್ಲಿ ಅವು ನಾಲ್ಕು ಸಾಲಲ್ಲಿ ಮುಗಿಸ್ಬಿಡ್ತಾವೆ. ನಮ್ಮ ಭಾಷೆ ನಿಂತಿರೋದೇ 'ಅಂತ' ಅನ್ನೋ ಪದದ ಮೇಲೆ. ಮಾರ್ಕುಸ್ ಮಲಗಿದಾನೆ ಅಂತ ಹೇಳ್ತಾನೆ. ಲ್ಯಾಟಿನ್‌ನಲ್ಲಿ ಈ 'ಅಂತ' ಇಲ್ಲ. ದೀಕಿತ್ ಮಾರ್ಕುಂ ದೊರ್ಮೀರೆ ಅಂತಾರೆ, ಬಿಡಿಬಿಡಿಯಾಗಿ ಹೇಳಿದ್ರೆ 'ಹೇಳ್ತಾನೆ ಮಾರ್ಕುಸನ್ನು ಮಲಗಲು'. 11ನೇ ಅಧ್ಯಾಯದಲ್ಲಿ ಇದು ಬರುತ್ತೆ, ಕ್ವಿಂತುಸ್ ಮರದಿಂದ ಬಿದ್ದಿರ್ತಾನೆ, ಡಾಕ್ಟ್ರು ಬರ್ತಾನೆ, ಬಂದು ರಕ್ತ ತೆಗೀತಾನೆ. ಬಿದ್ದು ಕಾಲು ಊದಿರೋ ಹುಡುಗನಿಗೆ ರಕ್ತ ತೆಗೆಯೋದು ಎಂಥ ಟ್ರೀಟ್‌ಮೆಂಟ್ ಅಂತ ನಂಗೆ ಕೋಪನೇ ಬಂತು, ಆ ಕೋಪದಲ್ಲಿ ವ್ಯಾಕರಣ ಮರೆತೇ ಹೋಗಿ ಕಥೆ ಓದ್ಕೊಂಡು ಹೋದೆ, ಮುಗಿಸಿದಾಗ 'ಅಂತ' ಇಲ್ಲದ ವಾಕ್ಯ ಅಭ್ಯಾಸ ಆಗಿತ್ತು.

ಇನ್ನೊಂದು ಲಿಂಗ. ಕನ್ನಡದಲ್ಲಿ ಮೇಜು ಅದು, ಬಾಗಿಲು ಅದು. ಲ್ಯಾಟಿನ್‌ನಲ್ಲಿ ಮೇಜು ಹೆಂಗಸು, ಪುಸ್ತಕ ಗಂಡಸು. ಇಲ್ಲಿ ಕನ್ನಡ ಕೈಕೊಡುತ್ತೆ, ಉರ್ದು ಕೈ ಹಿಡಿಯುತ್ತೆ. ಕಿತಾಬ್ ಅಚ್ಛೀ ಹೈ ಅಂತಾರಲ್ಲ, ಕಿತಾಬ್‌ಗೆ ಯಾಕೆ ಹೆಣ್ಣುಡುಗೆ ಅಂತ ಯಾರಾದ್ರೂ ಕೇಳ್ತಾರಾ. ನಮ್ಮ ಕಡೆ ಉರ್ದುನಲ್ಲಿ ಅದನ್ನೂ ಒಂದೊಂದ್ಸಲ ಅಡ್ಜಸ್ಟ್ ಮಾಡ್ಕೊಂಡ್ಬಿಡ್ತಾರೆ, ಇರ್ಲಿ. ಕನ್ನಡ, ತೆಲುಗು, ಉರ್ದು ಮೂರೂ ಕಿವೀಲಿ ಇರೋ ಊರಿನವನಿಗೆ ಲ್ಯಾಟಿನ್ ಕಲಿಯೋಕೆ ಬೇಕಾದ ಸಾಮಾನೆಲ್ಲ ಮನೇಲೇ ಇದೆ, ಇದನ್ನ ಯಾವ ಗೈಡೂ ಬರ್ದಿಲ್ಲ.

ನಾನು ಪೂರ್ತಿ ಕೈಚೆಲ್ಲಿದ್ದು 16ನೇ ಅಧ್ಯಾಯದಲ್ಲಿ. ಹಡಗು, ಬಿರುಗಾಳಿ. ರೂಪ ನೋಡಿದ್ರೆ ಕರ್ಮಣಿ, ಅರ್ಥ ನೋಡಿದ್ರೆ ಕರ್ತರಿ, ಅಂಥ ಕ್ರಿಯಾಪದಗಳು ದಂಡೆತ್ತಿ ಬರ್ತಾವೆ. ಅದರ ಜೊತೆಗೆ ಪಂಚಮಿಯಲ್ಲಿ ಎರಡು ಪದ ಒಟ್ಟಿಗೆ ಇಟ್ಟು ಒಂದು ಇಡೀ ಉಪವಾಕ್ಯದ ಕೆಲಸ ಮಾಡಿಸೋ ಒಂದು ಕಟ್ಟು. ಉದಾಹರಣೆಗೆ 'ತಬೆರ್ನಾ ಕ್ಲೌಸಾ'. ಇಂಗ್ಲಿಷ್ ಗೈಡು ಇದನ್ನ 'ಅಂಗಡಿಯು ಮುಚ್ಚಲ್ಪಟ್ಟಿರುವುದರೊಂದಿಗೆ' ಅನ್ನೋ ಥರ ಮಾಡಿ ಇಡುತ್ತೆ. ನಂಗೆ ತಲೆ ಕೆಟ್ಟು ಪುಸ್ತಕ ಮೇಲೆ ಎತ್ತಿಟ್ಟೆ, ಎಂಟು ತಿಂಗಳು ಮುಟ್ಲಿಲ್ಲ. ಒಂದಿನ ರಾತ್ರಿ ಮನೆಯಿಂದ ಫೋನ್ ಬಂತು, ಎಷ್ಟೊತ್ತಿಗೆ ಬರ್ತೀರಿ ಅಂತ. "ಅಂಗಡಿ ಮುಚ್ಚಿದ್ಮೇಲೆ" ಅಂದೆ. ಅಂದು ಅಲ್ಲೇ ನಿಂತ್ಕೊಂಡೆ, ಶಟರ್ ಕೊಂಡಿ ಕೈಯಲ್ಲೇ ಇತ್ತು. ತಬೆರ್ನಾ ಕ್ಲೌಸಾ. ಅಂಗಡಿ ಮುಚ್ಚಿದ ಮೇಲೆ. ಇಷ್ಟೇನಾ ಇದು! ಯಾರು ಮುಚ್ಚಿದ್ರು ಅನ್ನೋದು ಬೇಕಿಲ್ಲ, ಅಂಗಡಿ ಇದೆ, ಮುಚ್ಚಿರೋದು ಇದೆ, ಮುಂದಿನ ಮಾತು ಬರುತ್ತೆ. ಮಾರನೇ ದಿನನೇ ಪುಸ್ತಕ ಕೆಳಗೆ ಇಳಿಸ್ದೆ. 16ಕ್ಕೆ ಹೋಗ್ಲಿಲ್ಲ, ಒಂದನೇ ಅಧ್ಯಾಯದಿಂದ ಶುರು ಮಾಡಿದೆ, ದಿನಕ್ಕೆ ಒಂದರಂತೆ. ಎರಡು ವಾರ ಹಿಡೀತು. 16ರ ಬಿರುಗಾಳಿಯಲ್ಲಿ ಅರ್ಧದಷ್ಟು ತಾನಾಗೇ ತಣ್ಣಗಾಗಿತ್ತು. ಸಿಕ್ಕಿ ಹಾಕ್ಕೊಂಡ್ರೆ ಮುಂದಕ್ಕೆ ಗುದ್ದಾಡೋದಲ್ಲ, ಹಿಂದಕ್ಕೆ ಹೋಗಿ ಓಡ್ಕೊಂಡು ಬರೋದು. ಬಿಚ್ಚಾಣಿಕೆಯವರನ್ನ ಕೇಳಿ, ಎಳೆ ತುಂಡಾದ ಗೂಡನ್ನ ಯಾರೂ ಕಿತ್ತು ಎಳೆಯಲ್ಲ, ಮತ್ತೆ ಬಿಸಿನೀರಿಗೆ ಹಾಕಿ ತುದಿ ಹುಡುಕ್ತಾರೆ.

ರೇಷ್ಮೆ ಅಂದಾಗ ನೆನಪಾಯ್ತು, ಇದು ನಮ್ಮ ಜಿಲ್ಲೆಯವರಿಗೆ ಅಂತಾನೇ ಇಟ್ಕೊಂಡಿದ್ದೆ. ಸೆರಿಕಲ್ಚರ್ ಅನ್ನೋದರಲ್ಲಿರೋ 'ಸೆರಿ' ಲ್ಯಾಟಿನ್‌ನ 'ಸೇರಿಕುಂ', ರೇಷ್ಮೆ. ರೋಮಿನವರು ಪೂರ್ವದ ಕಡೆ ರೇಷ್ಮೆ ಮಾಡೋ ಜನರನ್ನ ಸೇರೆಸ್ ಅಂತಿದ್ರು, ಅದರಿಂದ ಬಂದಿದ್ದು. ಪ್ಲಿನಿ ಅನ್ನೋ ರೋಮನ್ ಪಂಡಿತ ಗೋಳಾಡಿದಾನೆ, ಭಾರತ, ಸೇರೆಸ್, ಅರೇಬಿಯಾ ಮೂರೂ ಸೇರಿ ವರ್ಷಕ್ಕೆ ನಮ್ಮ 10 ಕೋಟಿ ಸೆಸ್ಟರ್ಸ್ ದುಡ್ಡು ಎಳ್ಕೊಳ್ತಾವೆ, ನಮ್ಮ ಶೋಕಿ, ನಮ್ಮ ಹೆಂಗಸರು ನಮಗೆ ಇಷ್ಟು ದುಬಾರಿ ಅಂತ. ಕ್ರಿ.ಶ. 16ರಲ್ಲಿ ರೋಮಿನ ಸೆನೆಟ್ ಗಂಡಸರು ರೇಷ್ಮೆ ಉಡಬಾರದು ಅಂತ ಕಾನೂನೇ ಮಾಡಿತ್ತು. ಶಿಡ್ಲಘಟ್ಟದವರು ಕೇಳಿದ್ರೆ ನಗ್ತಾರೆ. ನಮ್ಮ ಹುಳದ ಶಾಸ್ತ್ರೀಯ ಹೆಸರು ಬಾಂಬಿಕ್ಸ್ ಮೋರಿ. ಸಣ್ಣವನಿದ್ದಾಗ ರೇಷ್ಮೆ ಇಲಾಖೆಯ ಪೋಸ್ಟರಲ್ಲಿ ಅದನ್ನ ಓದಿ, ಚರಂಡಿ ಮೋರಿಗೂ ಹುಳಕ್ಕೂ ಏನು ಸಂಬಂಧ ಅನ್ಕೊಳ್ತಿದ್ದೆ. ಮೋರುಸ್ ಅಂದ್ರೆ ಹಿಪ್ಪುನೇರಳೆ ಗಿಡ. ಮೋರೀ ಅಂದ್ರೆ ಹಿಪ್ಪುನೇರಳೆಯ. ಷಷ್ಠೀ ವಿಭಕ್ತಿ. ಚೀಟೀಲಿ ಬರೋ ಎಚ್ಎಸ್ ಹೇಳಿದ್ನಲ್ಲ, 'ಹೋರಾ ಸೊಮ್ನೀ', ಸೊಮ್ನುಸ್ ಅಂದ್ರೆ ನಿದ್ದೆ, ಸೊಮ್ನೀ ನಿದ್ದೆಯ, ನಿದ್ದೆಯ ಹೊತ್ತಲ್ಲಿ. ಎರಡೂ ಒಂದೇ 'ಈ'. ಎರಡನೇ ಅಧ್ಯಾಯದಲ್ಲಿ ಮಾರ್ಕುಸ್ ಯಾರ ಮಗ ಅಂತ ಹೇಳೋವಾಗ ಈ 'ಈ' ಬರುತ್ತೆ, ಅವತ್ತು ನಂಗೆ ಗೂಡು ಮಾರ್ಕೆಟ್ಟೂ ಮೆಡಿಕಲ್ ಶಾಪೂ ಒಂದೇ ಗೋಡೆ ಹಂಚ್ಕೊಂಡಿದಾವೆ ಅನ್ಸಿತ್ತು.

ಕೊನೇಲಿ ಪ್ರಶ್ನೆ ಕೇಳಿದವರು ಇಬ್ಬರು. ಪಿಯುಸಿ ಓದೋ ಹುಡುಗಿ, "ಸಾರ್, ಮಾತಾಡೋಕೆ ಯಾರಿದಾರೆ ಆ ಭಾಷೇಲಿ?" ಅಂದ್ಲು. ಇದಾರಮ್ಮ. ಇಟಲಿಯಲ್ಲಿ ವಿವಾರಿಯುಂ ನೋವುಂ ಅಂತ ಒಂದು ಅಕಾಡೆಮಿ ಇದೆ, ಅಲ್ಲಿ ಹುಡುಗರು ಊಟ ಮಾಡೋವಾಗ್ಲೂ ಲ್ಯಾಟಿನ್‌ನಲ್ಲೇ ಮಾತು. ಫಿನ್ಲೆಂಡಿನ ರೇಡಿಯೋದಲ್ಲಿ 1989ರಿಂದ 2019ರವರ್ಗೂ ವಾರ ವಾರ ಲ್ಯಾಟಿನ್ ವಾರ್ತೆ ಬರ್ತಿತ್ತು, ಮೂವತ್ತು ವರ್ಷ. ಆದ್ರೆ ಶಿಡ್ಲಘಟ್ಟದಲ್ಲಿ ಸದ್ಯಕ್ಕೆ ನಾನೊಬ್ಬನೇ, ನೀನು ಕಲಿತ್ರೆ ಇಬ್ಬರಾಗ್ತೀವಿ.

ಇನ್ನೊಬ್ಬರು, ರಬ್ಬರ್ ಪುಡಿ ನೋಡಿದ್ರಲ್ಲ ಅದೇ ಮೇಷ್ಟ್ರು, ಬಸ್ ಹತ್ಕೊಂಡು ಇಲ್ಲಿವರ್ಗೂ ಬಂದಿದ್ರು. "ಎಲ್ಲ ಸರಿಯಪ್ಪ, ಇದರಿಂದ ನಿಂಗೇನು ಬಂತು?" ಅಂದ್ರು. ದುಡ್ಡಂತೂ ಬರ್ಲಿಲ್ಲ ಮೇಷ್ಟ್ರೇ. 27ನೇ ಅಧ್ಯಾಯದ ಹೊತ್ತಿಗೆ ಕ್ರಿಯಾಪದದ ಒಂದು ಹೊಸ ರೂಪ ಶುರುವಾಗುತ್ತೆ, ಆಗಿದೆ ಅಂತಲ್ಲ, ಆಗ್ಲಿ, ಆದ್ರೆ, ಆಗೋ ಹಂಗಿದ್ರೆ ಅಂತ ಅನ್ನೋ ರೂಪ. 'ಎಸ್ತ್' ಅಂದ್ರೆ ಇದೆ ಅಂತಿದ್ದಿದ್ದು 'ಸಿತ್' ಆಗುತ್ತೆ. ಅದನ್ನ ಓದ್ತಾ ಇರೋವಾಗ ಕೌಂಟರ್ ಮುಂದೆ ಯಾರೋ ಚೀಟಿ ಇಟ್ರು, ಎಸ್‌ಒಎಸ್ ಅಂತ ಬರ್ದಿತ್ತು. ಸೀ ಒಪುಸ್ ಸಿತ್. ಉರು ಹೊಡೆದ ಪಟ್ಟಿ ನೆನಪಿಗೆ ಬರ್ಲೇ ಇಲ್ಲ, ನೇರ ಅರ್ಥನೇ ಬಂತು, ಬೇಕಾದ್ರೆ. ತಲೆ ಎತ್ತಿ ನೋಡಿದ್ರೆ ಅದೇ ಹುಡುಗ, ಮೀಸೆ ಚಿಗುರ್ತಾ ಇತ್ತು, ಅವರಜ್ಜಿಗೇ ಮಾತ್ರೆ. "ನೋವು ಬಂದ್ರೆ ಮಾತ್ರ ಕೊಡು, ಇಲ್ಲ ಅಂದ್ರೆ ಬೇಡ" ಅಂದೆ. ಅವನು ಮಾತ್ರೆ ಜೇಬಿಗೆ ಹಾಕ್ಕೊಂಡು, "ಹಡಗು ಬೇಡ್ವಾ ಹಂಗಾದ್ರೆ?" ಅಂದ.